ಕೊಯ್ದ ಹಲಗೆ ಕೆಟ್ಟರೂ ಆಟದ ಪೆಟ್ಟಿಗೆ ಕೆಡಬೇಕಿಲ್ಲ

ಮುಂಬಯಿ: ತೊಂಬತ್ತರ ದಶಕದಲ್ಲಿ ಈ ಮಹಾನಗರ ಮತ್ತು ಉಪನಗರಗಳಲ್ಲಿ ಬೆಳೆದ ತುಳು-ಕನ್ನಡಿಗರ ಮಕ್ಕಳಿಗೆ ‘ಮುಸ್ತಫಾ’ ಯಾರೆಂದು ಹೇಳಿಕೊಡಬೇಕಾಗಿಲ್ಲ. ರೈಲ್ವೇ ನಿಲ್ದಾಣದ ಹೊರಗೆ, ಮಾರುಕಟ್ಟೆಯ ಸಂದಿಯಲ್ಲಿ, ಒಂದು ಸಣ್ಣ ಗಾಲದೊಳಗೆ ಸಾಲಾಗಿ ನಿಂತಿರುತ್ತಿದ್ದ ವಿಡಿಯೋ ಗೇಮ್ ಪೆಟ್ಟಿಗೆಗಳ ಎದುರು ನಾಣ್ಯ ಹಿಡಿದು ಸರದಿ ಕಾಯುತ್ತಿದ್ದವರಲ್ಲಿ ಶಾಲೆಯ ಚೀಲ ಹೆಗಲಿಗೇರಿಸಿಕೊಂಡವರೂ ಇದ್ದರು, ಹೋಟೆಲಿನ ಮಧ್ಯಾಹ್ನದ ಬಿಡುವಿನಲ್ಲಿ ಓಡಿ ಬಂದವರೂ ಇದ್ದರು. ಜಪಾನಿನ ಕ್ಯಾಪ್‌ಕಾಮ್ ಕಂಪೆನಿ 1993ರಲ್ಲಿ ಹೊರತಂದ ಆ ಆಟದ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್’. ಅದರೊಳಗಿನ ನಾಲ್ವರು ವೀರರಲ್ಲಿ ಒಬ್ಬನ ಹೆಸರು ಮುಸ್ತಫಾ. ಉದ್ದದ ಇಂಗ್ಲಿಷ್ ಹೆಸರನ್ನು ಬದಿಗಿಟ್ಟ ಮಕ್ಕಳು ಆಟಕ್ಕೇ ಮುಸ್ತಫಾ ಎಂದು ನಾಮಕರಣ ಮಾಡಿಬಿಟ್ಟರು.

ಆ ಗಾಲಗಳು ಈಗ ಮೊಬೈಲ್ ಅಂಗಡಿಗಳಾಗಿವೆ, ಜೆರಾಕ್ಸ್ ಅಂಗಡಿಗಳಾಗಿವೆ. ಆದರೆ ಅಂದು ಸರದಿ ಕಾಯುತ್ತಿದ್ದ ಹುಡುಗರು ಇಂದು ನಲವತ್ತು ದಾಟಿದ ಗೃಹಸ್ಥರು. ಅಂಥದ್ದೇ ಒಂದು ಪೆಟ್ಟಿಗೆಯನ್ನು ಮನೆಯಲ್ಲೇ ಮಾಡಿ ಮಕ್ಕಳಿಗೆ ತೋರಿಸಬೇಕೆಂಬ ಹುಚ್ಚು ಅಲ್ಲಲ್ಲಿ ಕೆಲವರಿಗೆ ಹಿಡಿದಿದೆ. ಹಳೆಯ ಆಟದ ಯಂತ್ರಗಳನ್ನು ಕಂಪ್ಯೂಟರಿನಲ್ಲಿ ನಡೆಸುವ ‘ಮೇಮ್’ ಎಂಬ ತಂತ್ರಾಂಶ 1997ರಲ್ಲೇ ಬಂದಿದೆ. ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರ್ 2012ರಲ್ಲಿ ಬಂದ ಮೇಲಂತೂ ಕೆಲಸ ಇನ್ನೂ ಹಗುರವಾಯಿತು. ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದರೆ ಬೇಕಾದ ವಯರು, ಸ್ವಿಚ್ಚು, ಹಳೆಯ ಮಾನಿಟರ್ ಸಿಗುವುದು ಕಷ್ಟವಲ್ಲ. (ಹಳೆಯ ಆಟವಾದರೂ ಅದರ ಹಕ್ಕು ಇನ್ನೂ ಕಂಪೆನಿಯದ್ದೇ ಆಗಿರುತ್ತದೆ. ಹಣ ಕೊಟ್ಟು ಪಡೆಯಬಹುದಾದದ್ದನ್ನು ಹಾಗೆಯೇ ಪಡೆಯುವುದು ಲೇಸು.)

ತೊಂದರೆ ಶುರುವಾಗುವುದು ಮರದ ಕೆಲಸದಲ್ಲಿ. ವಯರನ್ನು ತಪ್ಪಾಗಿ ಜೋಡಿಸಿದರೆ ಬಿಚ್ಚಿ ಇನ್ನೊಮ್ಮೆ ಜೋಡಿಸಬಹುದು. ಕೊಯ್ದ ಹಲಗೆಯನ್ನು ಮತ್ತೆ ಕೂಡಿಸುವಂತಿಲ್ಲ. ಸಾವಿರಾರು ರೂಪಾಯಿಯ ಪ್ಲೈವುಡ್ ತಂದು, ಎರಡು ಭಾನುವಾರ ಸೊಸಾಯಿಟಿಯ ಟೆರೇಸಿನಲ್ಲಿ ಬೆವರು ಸುರಿಸಿ, ಮೂರನೆಯ ಭಾನುವಾರ ಒಂದು ತೂತು ಅರ್ಧ ಅಂಗುಲ ಆಚೆ ಬಿದ್ದಿತೆಂದು ಕೈಚೆಲ್ಲಿದವರ ಹಲಗೆಗಳು ಕೊನೆಗೆ ಭಂಗಾರ್‌ವಾಲಾನ ಗಾಡಿ ಸೇರುತ್ತವೆ. ಮಕ್ಕಳ ಎದುರು ಶುರುಮಾಡಿದ ಕೆಲಸ ಅರ್ಧಕ್ಕೆ ನಿಂತರೆ ಹಣಕ್ಕಿಂತ ದೊಡ್ಡ ನಷ್ಟ ಅದೇ. ಕಸುಬು ಬಲ್ಲ ಆಚಾರಿಯೂ ತಪ್ಪು ಮಾಡುತ್ತಾನೆ. ಆದರೆ ಯಾವ ತಪ್ಪನ್ನು ಮುಚ್ಚಬಹುದು, ಯಾವುದನ್ನು ಎಂದಿಗೂ ಮುಚ್ಚಬಾರದು ಎಂಬುದು ಅವನಿಗೆ ತಿಳಿದಿರುತ್ತದೆ. ಮನೆಯಲ್ಲಿ ಹೊಸದಾಗಿ ಗರಗಸ ಹಿಡಿದವನು ಕಲಿಯಬೇಕಾದದ್ದೂ ಇಷ್ಟೇ.

ಈ ಆಟದ ಪೆಟ್ಟಿಗೆಗಳ ಮೂಲವೂ ಮರದ ಕೆಲಸವೇ ಎಂಬುದು ಗಮನಾರ್ಹ. 1972ರಲ್ಲಿ ಅಮೆರಿಕದ ಅಟಾರಿ ಕಂಪೆನಿಯ ಇಂಜಿನಿಯರ್ ಆಲ್ ಅಲ್ಕಾರ್ನ್ ಅವರು ಅಂಗಡಿಯಲ್ಲಿ ಸಿಗುವ ಮಾಮೂಲಿ ಟಿವಿಯೊಂದನ್ನು ಮರದ ಪೆಟ್ಟಿಗೆಯೊಳಗಿಟ್ಟು ‘ಪಾಂಗ್’ ಎಂಬ ಟೇಬಲ್ ಟೆನಿಸ್ ಆಟದ ಮೊದಲ ಮಾದರಿಯನ್ನು ಸಿದ್ಧಪಡಿಸಿದರು. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ಒಂದು ಬಾರಿನಲ್ಲಿ ಅದನ್ನು ಪರೀಕ್ಷೆಗೆ ಇಡಲಾಯಿತು. ಸ್ವಲ್ಪ ಕಾಲದಲ್ಲೇ ಯಂತ್ರ ಕೆಟ್ಟಿತೆಂದು ಬಾರಿನವರಿಂದ ಕರೆ ಬಂತು. ಹೋಗಿ ತೆರೆದು ನೋಡಿದರೆ ಯಂತ್ರಕ್ಕೇನೂ ಆಗಿರಲಿಲ್ಲ, ನಾಣ್ಯದ ಡಬ್ಬಿ ತುಂಬಿ ತುಳುಕಿ ಹೊಸ ನಾಣ್ಯ ಒಳಗೆ ಇಳಿಯುತ್ತಿರಲಿಲ್ಲ. ಹೋಟೆಲ್ ಗಲ್ಲಾದಲ್ಲಿ ಕೂತು ಅಭ್ಯಾಸವಿರುವವರಿಗೆ ಈ ತರಹದ ‘ದೋಷ’ ದಿನಾ ಬಂದರೂ ಬೇಸರವಾಗದು.

ಹಲಗೆ ಕೊಳ್ಳುವಲ್ಲೇ ಆಗುವ ತಪ್ಪು

ಪೇಟೆಯಲ್ಲಿ ಸಿಗುವ ಪ್ಲೈವುಡ್ ಸಾಮಾನ್ಯವಾಗಿ 8 ಅಡಿ ಉದ್ದ, 4 ಅಡಿ ಅಗಲ. ಆಳೆತ್ತರದ ಪೆಟ್ಟಿಗೆಗೆ ಇಂಥ ಎರಡು ಹಲಗೆಗಳಾದರೂ ಬೇಕು. 19 ಮಿ.ಮೀ. ದಪ್ಪದ್ದಾದರೆ ಒಂದೊಂದೂ 30 ಕಿಲೋಗಿಂತ ಹೆಚ್ಚು ತೂಗುತ್ತದೆ. ಭಾರತೀಯ ಮಾನಕದಂತೆ ಐಎಸ್ 303 ಎಂದರೆ ಸಾಮಾನ್ಯ ಬಳಕೆಯ ಪ್ಲೈವುಡ್, ಐಎಸ್ 710 ಎಂದರೆ ಮರೈನ್ ಪ್ಲೈ. ಆಟದ ಪೆಟ್ಟಿಗೆಗೆ ಮರೈನ್ ಬೇಕೇ ಬೇಕೆಂದಿಲ್ಲ. ಆದರೆ ಅಗ್ಗವೆಂದು ಎಂಡಿಎಫ್ ತಂದು ತಳಕ್ಕೆ ಹಾಕುವುದು ಮುಂಬಯಿಯಲ್ಲಿ ದೊಡ್ಡ ತಪ್ಪು. ಇಲ್ಲಿ ವರ್ಷದಲ್ಲಿ ನಾಲ್ಕು ತಿಂಗಳು ಮಳೆ, ಗಾಳಿಯಲ್ಲೇ ನೀರು. ಅದರ ಮೇಲೆ ದಿನಾ ನೆಲ ಒರೆಸುವ ಒದ್ದೆ ಬಟ್ಟೆ ಪೆಟ್ಟಿಗೆಯ ಬುಡಕ್ಕೆ ತಾಗುತ್ತಲೇ ಇರುತ್ತದೆ. ಎಂಡಿಎಫ್ ನೀರು ಕುಡಿದು ಉಬ್ಬಿದರೆ ಮತ್ತೆ ಇಳಿಯುವುದಿಲ್ಲ.

ಈಗಾಗಲೇ ಎಂಡಿಎಫ್‌ನಲ್ಲೇ ಮಾಡಿ ಬುಡ ಉಬ್ಬಿದ್ದರೆ ಇಡೀ ಪೆಟ್ಟಿಗೆಯನ್ನು ಎಸೆಯಬೇಕಾಗಿಲ್ಲ. ಉಬ್ಬಿದ ಎರಡು-ಮೂರು ಅಂಗುಲವನ್ನು ಸುತ್ತಲೂ ನೇರವಾಗಿ ಕೊಯ್ದು ತೆಗೆದು, ಆ ಎತ್ತರಕ್ಕೆ ಸರಿಯಾಗಿ ಗಟ್ಟಿಮರದ ರೀಪಿನ ಚೌಕಟ್ಟು ಕೂರಿಸಿ, ಅದಕ್ಕೆ ರಬ್ಬರಿನ ಬುಷ್ ಹೊಡೆದರೆ ಪೆಟ್ಟಿಗೆ ನೆಲದಿಂದ ಮೇಲೆ ನಿಲ್ಲುತ್ತದೆ. ಹೊರಗಿನಿಂದ ನೋಡಿದವರಿಗೆ ಅದು ಮೊದಲಿನಿಂದಲೂ ಇದ್ದ ಪೀಠದಂತೆಯೇ ಕಾಣುತ್ತದೆ.

ಎರಡು ಎಡಗೈ

ಪಕ್ಕದ ಹಲಗೆಗಳು ಎರಡು. ಪೆಟ್ಟಿಗೆಯ ರೂಪವೆಲ್ಲ ಇವುಗಳಲ್ಲೇ ಇದೆ. ಮೇಲೆ ಮುಂದಕ್ಕೆ ಚಾಚಿದ ತಲೆ, ಹಿಂದಕ್ಕೆ ವಾಲಿದ ತೆರೆ, ಮುಂದೆ ಬಟನ್‌ಗಳ ಹಲಗೆ ಕೂರುವ ಮೂಗು. ಜಿಗ್‌ಸಾದಿಂದ ಒಂದನ್ನು ಕೊಯ್ದು, ಆಮೇಲೆ ಇನ್ನೊಂದನ್ನು ಬೇರೆಯಾಗಿ ಕೊಯ್ದರೆ ಎರಡೂ ಒಂದೇ ತರಹ ಬರುವುದು ಅಪರೂಪ. ಒಂದರ ಬಾಗು ಇನ್ನೊಂದಕ್ಕಿಂತ ಕಾಲಂಗುಲ ಹೆಚ್ಚು-ಕಡಿಮೆಯಾದರೂ ಎದುರಿನಿಂದ ಪೆಟ್ಟಿಗೆಯ ಮುಖ ಸೊಟ್ಟಗೆ ಕಾಣುತ್ತದೆ.

ಇದು ಸುಲಭವಾಗಿ ಸರಿಹೋಗುವ ತಪ್ಪು. ಎರಡೂ ಹಲಗೆಗಳನ್ನು ಒಂದರ ಮೇಲೊಂದಿಟ್ಟು, ಹಿಂಬದಿಯ ನೇರ ಅಂಚು ಮತ್ತು ಬುಡ ಸರಿಯಾಗಿ ಕೂಡಿಸಿ, ನಾಲ್ಕು ಕ್ಲಾಂಪ್ ಬಿಗಿಯಬೇಕು. ಬಳಿಕ ಯಾವುದು ಚಿಕ್ಕದೋ ಅದಕ್ಕೆ ದೊಡ್ಡದನ್ನು ಇಳಿಸಬೇಕು. ಒರಟು ಅರದಿಂದ ಮೊದಲು ಉಜ್ಜಿ, ಕೊನೆಗೆ ಮರದ ತುಂಡಿಗೆ ಸುತ್ತಿದ ಮರಳು ಕಾಗದದಿಂದ ಎರಡೂ ಅಂಚುಗಳನ್ನು ಒಟ್ಟಿಗೇ ತಿಕ್ಕಿದರೆ ಸಾಕು. ರೂಪ ನಕ್ಷೆಯಲ್ಲಿದ್ದುದಕ್ಕಿಂತ ಸ್ವಲ್ಪ ಬೇರೆಯಾದೀತು, ಅದನ್ನು ಗುರುತಿಸುವವರು ಯಾರೂ ಇಲ್ಲ. ಎರಡೂ ಕಡೆ ಒಂದೇ ರೀತಿ ಇದ್ದರೆ ಕಣ್ಣು ಒಪ್ಪಿಕೊಳ್ಳುತ್ತದೆ.

ಇದಕ್ಕಿಂತ ವಿಚಿತ್ರವಾದ ತಪ್ಪು ಇನ್ನೊಂದಿದೆ. ಪಕ್ಕದ ಹಲಗೆಯ ಒಳಮೈಗೆ ಅಡ್ಡ ಹಲಗೆಗಳನ್ನು ಹಿಡಿಯಲು ಸಣ್ಣ ರೀಪುಗಳನ್ನು ಅಂಟಿಸಿ ಸ್ಕ್ರೂ ಹೊಡೆಯುತ್ತಾರೆ. ಉತ್ಸಾಹದಲ್ಲಿ ಎರಡೂ ಹಲಗೆಗಳನ್ನು ಒಂದೇ ದಿಕ್ಕಿಗೆ ಮಲಗಿಸಿ ರೀಪು ಹೊಡೆದರೆ, ಎತ್ತಿ ನಿಲ್ಲಿಸುವಾಗ ಗೊತ್ತಾಗುವುದೇನೆಂದರೆ ಎರಡೂ ಎಡಗಡೆಯವು, ಬಲಗಡೆಯದ್ದು ಇಲ್ಲವೇ ಇಲ್ಲ! ನುರಿತ ಬಡಗಿಯಿಂದಲೂ ಇದು ಆಗುವುದುಂಟು. ಫೆವಿಕಾಲ್ ಇನ್ನೂ ಹಸಿಯಾಗಿದ್ದರೆ ಸ್ಕ್ರೂ ಬಿಚ್ಚಿ ರೀಪುಗಳನ್ನು ಕಿತ್ತು, ಒದ್ದೆ ಬಟ್ಟೆಯಿಂದ ಅಂಟು ಒರೆಸಿ, ಹಲಗೆಯನ್ನು ಮಗುಚಿ ಹೊಡೆದರಾಯಿತು. ಒಣಗಿದ್ದರೆ ಕಿತ್ತೆಳೆಯಬಾರದು, ರೀಪಿನ ಜೊತೆ ಪ್ಲೈಯ ಮೇಲ್ಪದರವೂ ಎದ್ದು ಬರುತ್ತದೆ. ಗರಗಸದಿಂದ ರೀಪನ್ನು ಮೇಲ್ಮೈಯ ಹತ್ತಿರಕ್ಕೆ ಕೊಯ್ದು, ಉಳಿದದ್ದನ್ನು ಉಳಿಯಿಂದ ಕೆತ್ತಿ, ಉಜ್ಜುಗೊರಡಿನಿಂದ ಸಮ ಮಾಡಬೇಕು. ಆ ಮೈ ಈಗ ಹೊರಬದಿಯಾಗುತ್ತದೆ, ಅದರ ಮೇಲೆ ಹೇಗೂ ಸನ್ಮೈಕಾ ಬರುವುದರಿಂದ ಗಾಯ ಕಾಣುವುದಿಲ್ಲ. ಸ್ಕ್ರೂ ತೂತುಗಳನ್ನು ಮಾತ್ರ ಚೆನ್ನಾಗಿ ತುಂಬಿರಬೇಕು. ಇಲ್ಲವಾದರೆ ಬೆಳಕು ಬಿದ್ದಾಗ ಸನ್ಮೈಕಾದ ಮೇಲೆ ಗುಳಿ ಗುಳಿಯಾಗಿ ತೋರುತ್ತದೆ.

ತುಂಬುವುದಕ್ಕೆ ಹಳಬರ ಮದ್ದೇ ಚೆನ್ನ. ಅದೇ ಹಲಗೆಯನ್ನು ಉಜ್ಜಿದಾಗ ಬಿದ್ದ ನುಣ್ಣನೆಯ ಮರದ ಹುಡಿಗೆ ಫೆವಿಕಾಲ್ ಬೆರೆಸಿ ಚಪಾತಿ ಹಿಟ್ಟಿನಷ್ಟು ಗಟ್ಟಿಯಾಗಿ ಕಲಸಿ, ತೂತಿನೊಳಗೆ ಒತ್ತಿ, ಮೇಲೆ ಸ್ವಲ್ಪ ಉಬ್ಬಿಸಿ ಬಿಡಬೇಕು. ಒಣಗಿದಾಗ ಅದು ಒಳಗಿಳಿಯುತ್ತದೆ, ಉಳಿದದ್ದನ್ನು ಉಜ್ಜಬಹುದು. ಪಾಲಿಶ್ ಮಾಡುವ ಮೈಯಾದರೆ ಮಾತ್ರ ಇದು ನಡೆಯದು. ಒಣಗಿದ ಅಂಟು ಪಾಲಿಶನ್ನು ಹೀರದ ಕಾರಣ ಆ ಜಾಗ ಕಲೆಯಾಗಿ ಉಳಿಯುತ್ತದೆ. ಅಲ್ಲಿ ಬಣ್ಣ ಹೊಂದುವ ಮರದ ಪುಟ್ಟಿಯೇ ಬೇಕು. ಅಂದ ಹಾಗೆ, ಮುಂಬಯಿಯಲ್ಲೇ 1959ರಲ್ಲಿ ಫೆವಿಕಾಲ್ ಹುಟ್ಟುವ ಮೊದಲು ಇಲ್ಲಿನ ಬಡಗಿಗಳು ಪ್ರಾಣಿಗಳ ಅಂಟಾದ ಸರೇಸನ್ನು ಬೆಂಕಿಯ ಮೇಲೆ ಕಾಯಿಸಿ ಬಳಸುತ್ತಿದ್ದರು. ಅದರ ವಾಸನೆಯನ್ನು ಸಹಿಸಿದವರಿಗೆ ಇಂದಿನ ಬಿಳಿ ಅಂಟಿನ ಬೆಲೆ ಗೊತ್ತು.

ತಪ್ಪಿ ಬಿದ್ದ ತೂತು

ಹೆಚ್ಚಿನವರ ಎದೆ ಒಡೆಯುವುದು ಬಟನ್‌ಗಳ ಹಲಗೆಯಲ್ಲಿ. ಜಪಾನಿ ಮಾದರಿಯ ಬಟನ್‌ಗಳಿಗೆ 30 ಮಿ.ಮೀ. ತೂತು, ಅಮೆರಿಕದ ಮಾದರಿಯವಕ್ಕೆ ಸುಮಾರು 28 ಮಿ.ಮೀ. ಬಟನ್ ಕೈಗೆ ಬರುವ ಮೊದಲೇ ನಕ್ಷೆ ನೋಡಿ ತೂತು ಕೊರೆದವರು ಪಶ್ಚಾತ್ತಾಪ ಪಡುತ್ತಾರೆ. ಸಾಮಾನು ಮೇಜಿನ ಮೇಲೆ ಬಂದ ಮೇಲೆಯೇ ಕೊರೆಯುವುದು ಕ್ಷೇಮ.

ತೂತು ಒಂದು ಮಿಲಿಮೀಟರ್ ದೊಡ್ಡದಾದರೆ ಏನೂ ಮಾಡಬೇಕಾಗಿಲ್ಲ, ಬಟನ್ನಿನ ಅಗಲವಾದ ಅಂಚೇ ಮುಚ್ಚಿಕೊಳ್ಳುತ್ತದೆ. ಚಿಕ್ಕದಾದರೆ ಪೇಚು. ಹೋಲ್ ಸಾದ ನಡುವಿನ ಡ್ರಿಲ್ಲಿಗೆ ಊರಲು ಮರವೇ ಇಲ್ಲದ ಕಾರಣ, ದೊಡ್ಡ ಅಳತೆಯದ್ದನ್ನು ಹಾಗೆಯೇ ಇಟ್ಟು ತಿರುಗಿಸಿದರೆ ಅದು ಹಲಗೆಯ ಮೇಲೆಲ್ಲ ಕುಣಿದು ಗೀರು ಹಾಕುತ್ತದೆ. ಆಗ ಬೇರೊಂದು ಪ್ಲೈ ತುಂಡಿನಲ್ಲಿ ಸರಿಯಾದ ಅಳತೆಯ ತೂತು ಕೊರೆದು, ಆ ತುಂಡನ್ನು ಕೆಟ್ಟ ತೂತಿನ ಮೇಲೆ ಸರಿಯಾಗಿ ಹೊಂದಿಸಿ ಕ್ಲಾಂಪ್ ಬಿಗಿಯಬೇಕು. ಮೇಲಿನ ತುಂಡು ದಾರಿ ತೋರಿಸುತ್ತದೆ, ಹೋಲ್ ಸಾ ಅದರೊಳಗಿನಿಂದಲೇ ಇಳಿಯುತ್ತದೆ.

ತೂತು ಇರಬೇಕಾದ ಜಾಗದಲ್ಲೇ ಇಲ್ಲದಿದ್ದರೆ ಬಿಲ್ಲೆ ಹಾಕಬೇಕು. ಇಲ್ಲಿ ಲೆಕ್ಕದ ಒಂದು ಸಣ್ಣ ಸುಳಿ ಇದೆ. 30 ಮಿ.ಮೀ. ಹೋಲ್ ಸಾದಿಂದ ಹೊರಬೀಳುವ ಬಿಲ್ಲೆ 30 ಮಿ.ಮೀ. ಇರುವುದಿಲ್ಲ. ಹಲ್ಲುಗಳು ತಿಂದ ಮರವನ್ನು ಎರಡೂ ಕಡೆಯಿಂದ ಕಳೆದರೆ ಉಳಿಯುವುದು ಸುಮಾರು 26-27 ಮಿ.ಮೀ. ಆ ಬಿಲ್ಲೆಯನ್ನು ಅದೇ ತೂತಿಗೆ ಹಾಕಿ ಸುತ್ತಲೂ ಪುಟ್ಟಿ ಮೆತ್ತಿದರೆ ನಾಲ್ಕು ದಿನ ನಿಲ್ಲುತ್ತದೆ. ಮಕ್ಕಳು ಗುದ್ದಿ ಗುದ್ದಿ ಆಡುವ ಜಾಗ ಅದು, ಐದನೆಯ ದಿನ ಒಳಗೆ ಬೀಳುತ್ತದೆ. ಆದ್ದರಿಂದ 34-35 ಮಿ.ಮೀ. ಹೋಲ್ ಸಾದಿಂದ ಅದೇ ದಪ್ಪದ ಪ್ಲೈಯಲ್ಲಿ ಬಿಲ್ಲೆ ಕೊಯ್ದು, ಅಂಚನ್ನು ಉಜ್ಜಿ ಉಜ್ಜಿ ಬಿಗಿಯಾಗಿ ಕೂರುವಂತೆ ಮಾಡಿ, ಫೆವಿಕಾಲ್ ಹಚ್ಚಿ ಮರದ ಸುತ್ತಿಗೆಯಿಂದ ಮೆಲ್ಲನೆ ತಟ್ಟಬೇಕು. ಅಡಿಯಿಂದ ಒಂದು ತೆಳು ಪ್ಲೈ ತುಂಡನ್ನೂ ಅಂಟಿಸಿದರೆ ಮತ್ತೆ ಚಿಂತೆಯಿಲ್ಲ. ಒಂದು ಇಡೀ ದಿನ ಬಿಟ್ಟು ಹೊಸ ತೂತು ಕೊರೆಯಬಹುದು. ಹಳೆಯದು ಮತ್ತು ಹೊಸದು ಒಂದರ ಮೇಲೊಂದು ಬಿದ್ದರೂ ಅಡ್ಡಿಯಿಲ್ಲ.

ಹೋಲ್ ಸಾ ಆಚೆ ಬದಿಗೆ ಹೊರಬರುವಾಗ ಪದರ ಸೀಳಿ ಎದ್ದಿದ್ದರೆ, ಆ ಚೂರುಗಳನ್ನು ಕಿತ್ತೆಸೆಯದೆ ಅಂಟು ಹಾಕಿ ಅಲ್ಲೇ ಕೂರಿಸಿ ಟೇಪ್ ಒತ್ತಬೇಕು. ಮುಂದಿನ ತೂತಿಗೆ ಹಲಗೆಯ ಅಡಿಗೆ ಒಂದು ನಿರುಪಯೋಗಿ ತುಂಡು ಇಟ್ಟು ಕೊರೆದರೆ ಸೀಳುವುದೇ ಇಲ್ಲ. ಇಷ್ಟೆಲ್ಲ ಮಾಡಿಯೂ ಹಲಗೆ ಜರಡಿಯಂತಾಗಿದ್ದರೆ, ಮೇಲಿನಿಂದ 3 ಮಿ.ಮೀ. ಅಕ್ರಿಲಿಕ್ ಅಥವಾ ತೆಳು ಪ್ಲೈ ಹೊದಿಸಿ ಅದರಲ್ಲಿ ಸರಿಯಾದ ತೂತು ಕೊರೆಯುವುದು ಮಾನವಂತರ ದಾರಿ.

ಜಾಯ್‌ಸ್ಟಿಕ್ಕಿನದು ಬೇರೆಯೇ ಕತೆ. 19 ಮಿ.ಮೀ. ಹಲಗೆಗೆ ಅಡಿಯಿಂದ ಜೋಡಿಸಿದರೆ ಹಿಡಿ ಮೇಲೆ ಗಿಡ್ಡವಾಗಿ ಉಳಿದು ಕೈಗೆ ಸಿಗುವುದಿಲ್ಲ. ಹಲಗೆ ಎಸೆಯಬೇಡಿ. ಅಡಿಯಿಂದ ಜಾಯ್‌ಸ್ಟಿಕ್ಕಿನ ತಗಡಿನ ಅಳತೆಗೆ ಗೆರೆ ಎಳೆದು, ಉಳಿಯಿಂದ ಪದರ ಪದರವಾಗಿ ಅರ್ಧ ದಪ್ಪಕ್ಕೆ ತೋಡಿದರೆ ಹಿಡಿ ಬೇಕಾದಷ್ಟು ಮೇಲೇರುತ್ತದೆ. ಪ್ಲೈಯ ಪದರಗಳೇ ಇಲ್ಲಿ ಆಳದ ಅಳತೆಗೋಲು. ಒಂದು ಪದರದ ಬಣ್ಣ ಬದಲಾದ ಕೂಡಲೇ ಎಷ್ಟು ಇಳಿದಿದ್ದೇವೆಂದು ಗೊತ್ತಾಗುತ್ತದೆ.

ಸೀಳಿದ ಅಂಚು, ಸಡಿಲವಾದ ಸ್ಕ್ರೂ, ಸೊಟ್ಟ ಚೌಕ

ಪ್ಲೈವುಡ್‌ನ ಅಂಚಿಗೆ ಮೊದಲು ಸಣ್ಣ ತೂತು ಕೊರೆಯದೆ ಸ್ಕ್ರೂ ತಿರುಗಿಸಿದರೆ ಪದರಗಳು ಪುಸ್ತಕದ ಹಾಳೆಯಂತೆ ಬಿಚ್ಚಿಕೊಳ್ಳುತ್ತವೆ. ಸ್ಕ್ರೂ ತೆಗೆದುಬಿಟ್ಟು, ಔಷಧದಂಗಡಿಯಲ್ಲಿ ಸಿಗುವ ಇಂಜೆಕ್ಷನ್ ಸಿರಿಂಜಿನಲ್ಲಿ ಸ್ವಲ್ಪ ನೀರು ಬೆರೆಸಿದ ಫೆವಿಕಾಲ್ ತುಂಬಿ ಸೀಳಿನ ಆಳಕ್ಕೆ ಬಿಟ್ಟು, ಎರಡೂ ಬದಿಗೆ ಪ್ಲಾಸ್ಟಿಕ್ ಕಾಗದ ಮತ್ತು ಮರದ ತುಂಡು ಇಟ್ಟು ಕ್ಲಾಂಪ್ ಬಿಗಿದರೆ ಮರುದಿನಕ್ಕೆ ಕೂಡಿಕೊಳ್ಳುತ್ತದೆ. ಮಳೆಗಾಲದಲ್ಲಿ ಇನ್ನೊಂದು ದಿನ ಹೆಚ್ಚು ಕೊಡುವುದು ಒಳ್ಳೆಯದು. ಪ್ಲಾಸ್ಟಿಕ್ ಕಾಗದ ಮರೆತರೆ ಕ್ಲಾಂಪಿನ ಕೆಳಗಿನ ತುಂಡೂ ಹಲಗೆಯ ಭಾಗವಾಗಿಬಿಡುತ್ತದೆ. ಸ್ಕ್ರೂ ತೂತು ಸಡಿಲವಾಗಿದ್ದರೆ ಬೆಂಕಿಕಡ್ಡಿಗಳ ತಲೆ ಮುರಿದು ಅಂಟಿನಲ್ಲಿ ಅದ್ದಿ ತುರುಕುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಉರಿದುಹೋದ ಅಗರಬತ್ತಿಯ ಬಿದಿರು ಕಡ್ಡಿ ಇನ್ನೂ ಗಟ್ಟಿ, ಅದು ಪ್ರತಿ ಮನೆಯ ದೇವರ ಮಂಟಪದ ಬಳಿ ಪುಕ್ಕಟೆ ಸಿಗುತ್ತದೆ.

ಪೆಟ್ಟಿಗೆ ಚೌಕವಾಗಿದೆಯೇ ಎಂದು ನೋಡಲು ಮೂಲೆಮಟ್ಟ ಒಂದೇ ಸಾಲದು. ಎದುರು-ಬದುರಿನ ಮೂಲೆಗಳ ಅಡ್ಡ ಅಳತೆ ಎರಡನ್ನೂ ಟೇಪಿನಿಂದ ಹಿಡಿಯಬೇಕು, ಎರಡೂ ಸಮವಾಗಿದ್ದರೆ ಚೌಕ ಸರಿ. ಸಮವಿಲ್ಲದಿದ್ದರೆ, ಅಂಟು ಹಸಿ ಇರುವಾಗಲೇ ಉದ್ದದ ಅಡ್ಡಗೆರೆಯ ಎರಡು ಮೂಲೆಗಳಿಗೆ ಹಗ್ಗ ಸುತ್ತಿ, ನಡುವೆ ಕೋಲು ತೂರಿಸಿ ತಿರುಚುತ್ತಾ ಬಂದರೆ ಪೆಟ್ಟಿಗೆ ನಿಧಾನವಾಗಿ ನೆಟ್ಟಗಾಗುತ್ತದೆ. ಆ ಕೋಲನ್ನು ಹಾಗೆಯೇ ಕಟ್ಟಿಟ್ಟು ಒಣಗಲು ಬಿಡಬೇಕು. ಅಂಟು ಒಣಗಿದ ಮೇಲೆ ಗೊತ್ತಾದರೆ ಪೆಟ್ಟಿಗೆಯನ್ನು ತಿದ್ದುವ ಹಟ ಬಿಟ್ಟು, ಒಳಗಿನ ಮಾನಿಟರಿನ ಪೀಠವನ್ನು ತೆಳು ಪಟ್ಟಿಗಳಿಂದ ಹೊಂದಿಸಿ, ತೆರೆಯನ್ನು ಮಟ್ಟಗೋಲಿಗೆ ಸರಿಯಾಗಿ ನಿಲ್ಲಿಸಿ, ಸುತ್ತಲಿನ ಸಂದಿಗೆ ಕಪ್ಪು ದಪ್ಪ ಕಾಗದದ ಚೌಕಟ್ಟು ಹಾಕಬೇಕು. ಆಡುವವನು ನೋಡುವುದು ತೆರೆಯನ್ನು, ಪೆಟ್ಟಿಗೆಯ ಬೆನ್ನನ್ನಲ್ಲ.

ಪೆಟ್ಟಿಗೆ ನಿಲ್ಲಿಸಿದಾಗ ಅಲ್ಲಾಡಿದರೆ ಕೂಡಲೇ ಬುಡ ಕೊಯ್ಯಲು ಹೊರಡುವವರಿದ್ದಾರೆ. ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆ ಮುಂಬಯಿಯ ಹಳೆಯ ಕಟ್ಟಡಗಳಲ್ಲಿ ಒಮ್ಮೊಮ್ಮೆ ಅಕ್ಷರಶಃ ನಿಜ, ಅಲ್ಲಿ ನೆಲವೇ ಡೊಂಕು. ಪೆಟ್ಟಿಗೆಯನ್ನು ಅದೇ ಜಾಗದಲ್ಲಿ ಹಿಂದು-ಮುಂದಾಗಿ ತಿರುಗಿಸಿ ನೋಡಬೇಕು. ತಿರುಗಿಸಿದ ಮೇಲೂ ಕೋಣೆಯ ಅದೇ ಮೂಲೆಯ ಕಡೆಗೇ ವಾಲಿದರೆ ದೋಷ ನೆಲದ್ದು. ವಾಲುವಿಕೆ ಪೆಟ್ಟಿಗೆಯ ಜೊತೆ ತಿರುಗಿದರೆ ದೋಷ ಬಡಗಿಯದ್ದು. ತಿರುಗಿಸಿ ಎತ್ತರ ಹೊಂದಿಸುವ ಸ್ಕ್ರೂ ಕಾಲುಗಳನ್ನು ಜೋಡಿಸಿದರೆ ಈ ನ್ಯಾಯತೀರ್ಮಾನವೇ ಬೇಡ.

ಸನ್ಮೈಕಾದಲ್ಲಿ ಆಗುವ ದೊಡ್ಡ ತಪ್ಪು ಹೊರಮೈಗೆ ಮಾತ್ರ ಅಂಟಿಸಿ ಒಳಮೈಯನ್ನು ಬರಿದಾಗಿ ಬಿಡುವುದು. ಒಂದು ಕಡೆ ಗಾಳಿಯ ತೇವ ಹೀರುತ್ತದೆ, ಇನ್ನೊಂದು ಕಡೆ ಹೀರುವುದಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಹಲಗೆ ಬಿಲ್ಲಿನಂತೆ ಬಾಗುತ್ತದೆ. ಒಳಗೆ ಅಗ್ಗದ ತೆಳು ಹಾಳೆಯನ್ನಾದರೂ ಅಂಟಿಸಬೇಕು. ಬಾಗಿಹೋದ ಹಲಗೆಗೆ ಒಳಗಿನಿಂದ ಎರಡಂಗುಲದ ನೇರವಾದ ಗಟ್ಟಿಮರದ ರೀಪನ್ನು ನಿಲ್ಲಿಸಿ, ನಡುವಿನಿಂದ ಶುರುಮಾಡಿ ತುದಿಗಳತ್ತ ಸ್ಕ್ರೂ ಎಳೆದುಕೊಂಡು ಹೋದರೆ ಬಹುಮಟ್ಟಿಗೆ ನೆಟ್ಟಗಾಗುತ್ತದೆ. ಗುಳ್ಳೆ ಎದ್ದಿದ್ದರೆ ಬಟ್ಟೆ ಹಾಸಿ ಮಂದ ಬಿಸಿಯ ಇಸ್ತ್ರಿಪೆಟ್ಟಿಗೆ ಇಟ್ಟು, ಆ ಕೂಡಲೇ ಭಾರ ಹೇರಿದರೆ ಹೆಚ್ಚಿನವು ಕೂರುತ್ತವೆ. ಇಸ್ತ್ರಿಪೆಟ್ಟಿಗೆಗೆ ಅಂಟು ಹತ್ತಿದರೆ ಮರುದಿನ ಆಫೀಸಿನ ಶರ್ಟಿನ ಗತಿ ಏನೆಂದು ಹೇಳಬೇಕಾಗಿಲ್ಲ.

ಮುಚ್ಚಬಾರದ ತಪ್ಪುಗಳು

ಹಿಂದೆ ಬ್ಯಾಂಕುಗಳ ಕೈಬರಹದ ಲೆಡ್ಜರಿನಲ್ಲಿ ತಪ್ಪಾದ ಅಂಕಿಯನ್ನು ಕೆರೆದು ಅಳಿಸುವಂತಿರಲಿಲ್ಲ. ಅದರ ಮೇಲೆ ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಸಹಿ ಹಾಕಬೇಕಿತ್ತು. ಮರದ ಕೆಲಸದಲ್ಲಿ ಕೆರೆಯಬಹುದು, ಪುಟ್ಟಿ ಮೆತ್ತಬಹುದು, ಬಣ್ಣ ಬಳಿಯಬಹುದು. ಆದರೆ ಮೂರು ಕಡೆ ಮಾತ್ರ ಲೆಡ್ಜರಿನ ನಿಯಮವೇ ನಡೆಯಬೇಕು.

ಮೊದಲನೆಯದು ಭಾರ. ಹಳೆಯ ಗಾಜಿನ ತೆರೆಯ ಟಿವಿ ಹಾಕಿದ ಆಳೆತ್ತರದ ಪೆಟ್ಟಿಗೆ ಒಬ್ಬ ದಪ್ಪ ಮನುಷ್ಯನಷ್ಟು ತೂಗುತ್ತದೆ. ಭಾರವೆಲ್ಲ ಎದೆಯ ಮಟ್ಟದಲ್ಲಿರುತ್ತದೆ. ಮಕ್ಕಳು ಬಟನ್ ಹಲಗೆಗೆ ಜೋತುಬೀಳುತ್ತಾರೆ, ತಮ್ಮನನ್ನು ಎತ್ತಿ ಅದರ ಮೇಲೆ ಕೂರಿಸುತ್ತಾರೆ. ಮಾನಿಟರ್ ಹೊತ್ತ ಅಡ್ಡ ಹಲಗೆಯಲ್ಲಿ ಸೀಳು ಬಂದಿದ್ದರೆ, ಅದನ್ನು ಹಿಡಿದ ರೀಪಿನ ಸ್ಕ್ರೂ ತಿರುಗಿ ಸಡಿಲವಾಗಿದ್ದರೆ ಬೆಂಕಿಕಡ್ಡಿಯ ಉಪಾಯ ಅಲ್ಲಿ ಬೇಡ. ಹೊಸ ಹಲಗೆ ಕೊಯ್ದು, ಹೊಸ ಜಾಗದಲ್ಲಿ ಸ್ಕ್ರೂ ಹಾಕಬೇಕು. ಬುಡ ಕಿರಿದಾಗಿ ಪೆಟ್ಟಿಗೆ ಮುಂದಕ್ಕೆ ಓಲಾಡುವಂತಿದ್ದರೆ ಬುಡವನ್ನು ಅಗಲಿಸಬೇಕು, ಜೊತೆಗೆ ಹಿಂದಿನ ಗೋಡೆಗೆ ಕಬ್ಬಿಣದ ಪಟ್ಟಿಯಿಂದ ಬಿಗಿಯಬೇಕು. ಬಾಡಿಗೆ ಮನೆಯೆಂದು ಗೋಡೆಗೆ ತೂತು ಕೊರೆಯಲು ಹಿಂಜರಿಯುವವರು ಮಾಲೀಕರನ್ನು ಕೇಳಿ ಒಪ್ಪಿಗೆ ಪಡೆಯಲಿ.

ಎರಡನೆಯದು ವಿದ್ಯುತ್ತು. ಮರದಲ್ಲಾದ ತಪ್ಪನ್ನು ಸರಿಪಡಿಸುವ ಭರದಲ್ಲಿ, ಒಳಗೆ 230 ವೋಲ್ಟ್ ಹರಿಯುವ ವಯರು ಇದೆಯೆಂಬುದನ್ನು ಮರೆತು ಹೊರಗಿನಿಂದ ಉದ್ದನೆಯ ಸ್ಕ್ರೂ ಹೊಡೆಯುವುದುಂಟು. ತಿದ್ದುಪಡಿಯೆಲ್ಲ ಮುಗಿದ ಮೇಲೆಯೇ ಒಳಗೆ ವಯರು ಎಳೆಯಬೇಕು. ಎಳೆದಿದ್ದರೆ ಮೊದಲು ಬಿಚ್ಚಿ ಹೊರಗಿಡಬೇಕು. ಲೋಹದ ಭಾಗಗಳಿಗೆ ಅರ್ಥಿಂಗ್ ಕಡ್ಡಾಯ. ಹಳೆಯ ಬಣ್ಣದ ಟಿವಿಯ ಪಿಕ್ಚರ್ ಟ್ಯೂಬಿನಲ್ಲಿ 20 ಸಾವಿರ ವೋಲ್ಟಿಗೂ ಹೆಚ್ಚಿನ ವಿದ್ಯುತ್ತು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಒಳಗೆ ಉಳಿದಿರಬಹುದು. ಟಿವಿಯ ಪ್ಲಾಸ್ಟಿಕ್ ಕವಚ ಕಿತ್ತು ಬರಿಯ ಟ್ಯೂಬನ್ನು ಪೆಟ್ಟಿಗೆಗೆ ಹೊಂದಿಸುವ ಸಾಹಸ ಟಿವಿ ರಿಪೇರಿ ಬಲ್ಲವರಿಗೆ ಬಿಟ್ಟದ್ದು. ಚಪ್ಪಟೆ ಎಲ್‌ಸಿಡಿ ಮಾನಿಟರ್ ಹಾಕಿದರೆ ತೂಕವೂ ಇಳಿಯುತ್ತದೆ, ಈ ಭಯವೂ ಇಲ್ಲ.

ಮೂರನೆಯದು ಗಾಳಿ. ಹಿಂಬದಿಯ ಹಲಗೆ ಚಿಕ್ಕದಾಯಿತೆಂದು ಸಂದಿಗಳಿಗೆಲ್ಲ ಪಟ್ಟಿ ಬಡಿದು, ಮೇಲಿನ ತೂತನ್ನೂ ಅಂದಕ್ಕಾಗಿ ಮುಚ್ಚಿಬಿಟ್ಟರೆ ಒಳಗಿನ ಬಿಸಿ ಎಲ್ಲಿಗೆ ಹೋಗಬೇಕು? ಮೇ ತಿಂಗಳ ಸೆಕೆಯಲ್ಲಿ, ಮುಚ್ಚಿದ ಮರದ ಪೆಟ್ಟಿಗೆಯಲ್ಲಿ ಗಂಟೆಗಟ್ಟಲೆ ಉರಿಯುವ ಪವರ್ ಸಪ್ಲೈ ಇಡೀ ಮನೆಗೆ ಅಪಾಯ. ಕೆಳಗಿನಿಂದ ಗಾಳಿ ಒಳಬರಲು ಮತ್ತು ಮೇಲಿನಿಂದ ಹೊರಹೋಗಲು ದಾರಿ ಇರಲೇಬೇಕು. ತಪ್ಪಿ ಕೊರೆದ ತೂತು ಹಿಂಬದಿಯ ಮೇಲ್ಭಾಗದಲ್ಲಿದ್ದರೆ ಅದನ್ನು ಮುಚ್ಚುವ ಬದಲು ಅದರ ಪಕ್ಕದಲ್ಲಿ ಇನ್ನೂ ಹತ್ತು ಕೊರೆದು ಜಾಳಿಗೆ ಹಾಕಿಬಿಡುವುದು ಜಾಣತನ.

ಇವೆಲ್ಲವನ್ನೂ ಒಬ್ಬರೇ ಮಾಡಬೇಕೆಂದೂ ಇಲ್ಲ. ತುಳುನಾಡಿನಿಂದ ಬಂದು ಇಲ್ಲಿ ಮರದ ಕೆಲಸದಲ್ಲೇ ಜೀವನ ಸವೆಸಿದ ಹಿರಿಯ ಆಚಾರಿಗಳು ಉಪನಗರಗಳಲ್ಲಿದ್ದಾರೆ. ಸಂಘದ ಕಾರ್ಯಕ್ರಮಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕೂತು ಊಟ ಮಾಡಿ ಹೋಗುವವರು ಅವರು. ಕೆಟ್ಟ ಹಲಗೆಯ ಒಂದು ಫೋಟೋ ತೋರಿಸಿದರೆ ಸಾಕು, ಯಾವುದನ್ನು ತಿದ್ದಬಹುದು, ಯಾವುದನ್ನು ಬಿಡಬೇಕು ಎಂದು ಎರಡು ಮಾತಿನಲ್ಲಿ ಹೇಳಿಬಿಡುತ್ತಾರೆ. ಉಳಿಯ ಬಾಯಿಯನ್ನು ಸಾಣೆ ಹಿಡಿದುಕೊಡಲು ಅವರಿಗೆ ಹತ್ತು ನಿಮಿಷ ಸಾಕು. ಮೊಂಡು ಉಳಿಯಿಂದ ಅರ್ಧಕ್ಕರ್ಧ ತಪ್ಪುಗಳು ಹುಟ್ಟುತ್ತವೆ, ಬೆರಳು ಕೊಯ್ದುಕೊಳ್ಳುವುದೂ ಅದರಿಂದಲೇ. ಹರಿತವಾದದ್ದು ಹೇಳಿದ ಕಡೆ ಹೋಗುತ್ತದೆ, ಮೊಂಡಾದದ್ದು ಒತ್ತಿದ ಕಡೆ ಜಾರುತ್ತದೆ.

ಕೊನೆಗೆ ಉಳಿಯುವುದು ಬಾಗಿಲು. ಟೆರೇಸಿನಲ್ಲಿ ಜೋಡಿಸಿದ ಪೆಟ್ಟಿಗೆ ಮನೆಯ ಬಾಗಿಲಿನಲ್ಲಿ ಹಿಡಿಸದೆ ಪ್ಯಾಸೇಜಿನಲ್ಲೇ ಉಳಿದು, ಸೊಸಾಯಿಟಿಯ ಸೆಕ್ರೆಟರಿಯಿಂದ ನೋಟೀಸು ಬರುವ ಸಂದರ್ಭವೂ ಇಲ್ಲದಿಲ್ಲ. ಇದಕ್ಕೂ ಉಪಾಯವಿದೆ. ಬಟನ್ ಹಲಗೆಯ ಕೆಳಗಿನ ಮಟ್ಟದಲ್ಲಿ ಸುತ್ತಲೂ ನೇರ ಗೆರೆ ಎಳೆದು ಪೆಟ್ಟಿಗೆಯನ್ನು ಅಡ್ಡಲಾಗಿ ಎರಡು ಭಾಗ ಮಾಡಿ, ಒಳಗಿನಿಂದ ನಾಲ್ಕು ಮೂಲೆಗೂ ಗಟ್ಟಿಮರದ ತುಂಡು ಇಟ್ಟು ನಟ್-ಬೋಲ್ಟ್ ಹಾಕಬೇಕು. ಕೊಯ್ದ ಗೆರೆಯ ಮೇಲೆ ತೇಗದ ಬೀಡಿಂಗ್ ಓಡಿಸಬೇಕು. ಮೇಲಿನ ಭಾಗವನ್ನು ಇಬ್ಬರು ಎತ್ತಿ ಲಿಫ್ಟಿನಲ್ಲಿ ಸಾಗಿಸಬಹುದು. ಸಂಘದ ವಾರ್ಷಿಕೋತ್ಸವದಂದು ಮಕ್ಕಳಿಗಾಗಿ ಹಾಲಿಗೆ ಕೊಂಡೊಯ್ಯಬೇಕೆಂದರೂ ಒಂದು ಸಣ್ಣ ಟೆಂಪೋ ಸಾಕಾಗುತ್ತದೆ. ಬೋಲ್ಟ್ ಬಿಗಿಯುವ ಪಾನವನ್ನು ಪೆಟ್ಟಿಗೆಯ ಒಳಗೇ ದಾರ ಕಟ್ಟಿ ತೂಗುಹಾಕಿರಬೇಕು.